ಸೇನಾಪತಿಯಿಲ್ಲದ ಸೇನೆಯೂ ನಾಲೆಯ ಕೊನೆಯ ಗದ್ದೆಯೂ

2024ರ ಜನವರಿಯ ಕೊನೆಯ ವಾರದಲ್ಲಿ ಕೆರಗೋಡು ಎಂಬ ಹೆಸರು ದೇಶದ ಸುದ್ದಿವಾಹಿನಿಗಳಲ್ಲೆಲ್ಲ ಕೇಳಿಬಂತು. ಮಂಡ್ಯ ತಾಲ್ಲೂಕಿನ ಈ ಹೋಬಳಿ ಕೇಂದ್ರದಲ್ಲಿ ನೆಟ್ಟಿದ್ದ 108 ಅಡಿ ಎತ್ತರದ ಸ್ತಂಭದಿಂದ ಹನುಮ ಧ್ವಜವನ್ನು ಅಧಿಕಾರಿಗಳು ಇಳಿಸಿದರು, ರಾಷ್ಟ್ರಧ್ವಜ ಏರಿತು. ಪ್ರತಿಭಟನೆ, ಲಾಠಿ ಪ್ರಹಾರ, ಮಂಡ್ಯದವರೆಗೆ ಪಾದಯಾತ್ರೆ ಒಂದರ ಹಿಂದೊಂದು ನಡೆದವು. ಆ ಪ್ರಕರಣದಲ್ಲಿ ನ್ಯಾಯ ಯಾರ ಕಡೆಗಿತ್ತು ಎಂಬುದರ ಬಗ್ಗೆ ಆಗಲೇ ಸಾಕಷ್ಟು ಬರೆಯಲಾಗಿದೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಬೆಳಿಗ್ಗೆ ತಂತಮ್ಮ ಗದ್ದೆ, ಅಂಗಡಿ, ಹಟ್ಟಿಗಳ ಕೆಲಸದಲ್ಲಿದ್ದ ನೂರಾರು ಜನ ಸಂಜೆಯ ಹೊತ್ತಿಗೆ ಒಂದೇ ದೇಹದಂತೆ ಒಂದೇ ದಿಕ್ಕಿಗೆ ನಡೆಯತೊಡಗುವುದು ಹೇಗೆ? ಅದಕ್ಕೆ ಯಾವಾಗಲೂ ಒಬ್ಬ ನಾಯಕ, ಒಂದು ಸಂಚು, ಒಂದು ಆದೇಶ ಬೇಕೇ? ಪೊಲೀಸರು ‘ಪ್ರಚೋದಕರು ಯಾರು’ ಎಂದು ಹುಡುಕುತ್ತಾರೆ. ರಾಜಕಾರಣಿಗಳು ‘ಕಾಣದ ಕೈ’ ಎನ್ನುತ್ತಾರೆ. ಗುಂಪು ಎಂದರೆ ಒಬ್ಬ ಸೂತ್ರಧಾರ ಇರಲೇಬೇಕು ಎಂಬುದು ನಮ್ಮ ಆಳದ ನಂಬಿಕೆ.

ಈ ನಂಬಿಕೆ ಎಲ್ಲ ಕಾಲಕ್ಕೂ ನಿಜವಲ್ಲ ಎಂದು ಕಳೆದ ನಾಲ್ಕು ದಶಕಗಳಲ್ಲಿ ತೋರಿಸಿಕೊಟ್ಟವುಗಳಲ್ಲಿ ಬೆರಳ ಗಾತ್ರದ ಪೆದ್ದ ಯಂತ್ರಗಳೂ ಇವೆ. 2014ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1,024 ಪುಟ್ಟ ರೋಬಾಟ್‌ಗಳನ್ನು ಒಂದು ಮೇಜಿನ ಮೇಲೆ ಬಿಟ್ಟರು. ಆ ತಂಡವನ್ನು ಮುನ್ನಡೆಸಿದವರು ಪಂಜಾಬಿನ ಅಮೃತಸರದಲ್ಲಿ ಬೆಳೆದ ರಾಧಿಕಾ ನಾಗಪಾಲ್. ‘ಕಿಲೋಬಾಟ್’ ಎಂಬ ಹೆಸರಿನ ಈ ಯಂತ್ರಗಳ ಅಗಲ ಮೂರು ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಅವುಗಳಿಗೆ ಚಕ್ರವಿಲ್ಲ; ಮೊಬೈಲ್ ಫೋನು ನಡುಗುವಂತೆ ನಡುಗುತ್ತ ಕಡ್ಡಿಯಂಥ ಕಾಲುಗಳ ಮೇಲೆ ತೆವಳುತ್ತವೆ. ಕಣ್ಣಿಲ್ಲ, ಅವಗೆಂಪು ಕಿರಣದ ಮೂಲಕ ಪಕ್ಕದಲ್ಲಿರುವ ಕೆಲವು ಯಂತ್ರಗಳೊಡನೆ ಮಾತ್ರ ‘ಮಾತಾಡ’ಬಲ್ಲವು. ನಾನು ಎಲ್ಲಿದ್ದೇನೆ, ಒಟ್ಟು ಎಷ್ಟು ಮಂದಿ ಇದ್ದೇವೆ ಎಂಬುದನ್ನು ಮೇಲಿನಿಂದ ನೋಡಿ ಹೇಳುವವರು ಯಾರೂ ಇಲ್ಲ. ಆದರೂ ನಕ್ಷತ್ರದ ಆಕಾರಕ್ಕೆ ಬನ್ನಿ ಎಂದರೆ ಬಂದವು, ಇಂಗ್ಲಿಷಿನ ‘ಕೆ’ ಅಕ್ಷರವಾಗಿರಿ ಎಂದರೆ ಆದವು. ಅದಕ್ಕೆ ಹಿಡಿದದ್ದು ಸುಮಾರು ಹನ್ನೆರಡು ಗಂಟೆ.

ಅವು ಪಾಲಿಸಿದ ನಿಯಮಗಳು ಹೆಚ್ಚೆಂದರೆ ಒಂದು ಕೈಬೆರಳಿನಲ್ಲಿ ಎಣಿಸುವಷ್ಟು. ಗುಂಪಿನ ಅಂಚನ್ನು ಹಿಡಿದು ಸಾಗು. ಮೂಲದ ನಾಲ್ಕು ಯಂತ್ರಗಳಿಂದ ನೀನು ಎಷ್ಟು ಹೆಜ್ಜೆ ದೂರವಿರುವೆ ಎಂಬುದನ್ನು ನೆರೆಯವರನ್ನು ಕೇಳಿ ತಿಳಿದುಕೋ. ಆ ಅಂದಾಜಿನಿಂದ ನಿನ್ನ ಸ್ಥಾನವನ್ನು ಲೆಕ್ಕಹಾಕು. ಆಕಾರದ ಒಳಗೆ ಸೇರಿ, ಇನ್ನು ಮುಂದೆ ಹೋದರೆ ಹೊರಗೆ ಬೀಳುವೆ ಎನಿಸಿದಾಗ ನಿಂತುಬಿಡು. ಇಷ್ಟೇ. ಕೆಲವು ಯಂತ್ರಗಳು ಕೆಟ್ಟವು, ಕೆಲವು ದಾರಿಗೆ ಅಡ್ಡ ನಿಂತು ಹಿಂದಿನವುಗಳ ಸಾಲನ್ನು ತಡೆದವು. ಆದರೂ ಆಕೃತಿ ಮೂಡಿತು. ಇದನ್ನೇ ವಿಜ್ಞಾನಿಗಳು ‘ಸ್ವಯಂ ಸಂಘಟನೆ’ ಎನ್ನುತ್ತಾರೆ: ಇಡೀ ಚಿತ್ರ ಯಾರ ತಲೆಯಲ್ಲೂ ನಡೆಯುತ್ತಿಲ್ಲ, ನೆರೆಹೊರೆಯ ವ್ಯವಹಾರದಿಂದಲೇ ಅದು ಹುಟ್ಟುತ್ತದೆ.

ಇಲ್ಲೊಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. 2024ರ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಆಕಾಶದಲ್ಲಿ ಸಾವಿರಕ್ಕೂ ಹೆಚ್ಚು ಡ್ರೋನ್‌ಗಳು ಚಿತ್ರ ಬಿಡಿಸಿದ್ದನ್ನು ಕಂಡು ಬೆರಗಾದವರು ಅನೇಕರು. ಆದರೆ ಅಂಥ ಪ್ರದರ್ಶನಗಳಲ್ಲಿ ಪ್ರತಿ ಡ್ರೋನ್ ಯಾವ ಕ್ಷಣದಲ್ಲಿ ಎಲ್ಲಿರಬೇಕು ಎಂಬುದನ್ನು ನೆಲದ ಮೇಲಿನ ಗಣಕಯಂತ್ರ ಮೊದಲೇ ನಿರ್ಧರಿಸಿರುತ್ತದೆ. ಅದು ಕವಾಯತು. ಕಿಲೋಬಾಟ್‌ಗಳದ್ದು ಕವಾಯತಲ್ಲ, ಸಂತೆ. ಎರಡೂ ನೋಡುವವರ ಕಣ್ಣಿಗೆ ಶಿಸ್ತಾಗಿಯೇ ಕಾಣಬಹುದು. ಆದರೆ ಒಂದರಲ್ಲಿ ಆದೇಶ ಕಡಿದುಹೋದರೆ ಎಲ್ಲವೂ ನೆಲಕ್ಕೆ, ಇನ್ನೊಂದರಲ್ಲಿ ನೂರು ಯಂತ್ರ ಸತ್ತರೂ ಉಳಿದವು ಕೆಲಸ ಮುಗಿಸುತ್ತವೆ.

ಈ ವಿದ್ಯೆ ಎಲ್ಲೋ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾಂತರಿಕ್ಷ ವಿಭಾಗದಲ್ಲಿ ಕೃಷ್ಣಾನಂದ್ ಮತ್ತು ದೇಬಶೀಶ್ ಘೋಷ್ ಅವರು 2005ರ ಸುಮಾರಿಗೆ ಮಿಂಚುಹುಳುಗಳಿಂದ ಪ್ರೇರಣೆ ಪಡೆದು ಒಂದು ಕ್ರಮವಿಧಿಯನ್ನು ರೂಪಿಸಿದರು; ಪುಟ್ಟ ರೋಬಾಟ್‌ಗಳ ಮೇಲೆ ಅದನ್ನು ಪ್ರಯೋಗಿಸಿಯೂ ನೋಡಿದರು. ಅನೇಕ ಕಡೆ ಅನಿಲ ಸೋರುತ್ತಿದೆ ಅಥವಾ ಅನೇಕ ಕಡೆಯಿಂದ ಸದ್ದು ಬರುತ್ತಿದೆ ಎಂದುಕೊಳ್ಳಿ. ಎಲ್ಲ ಮೂಲಗಳನ್ನೂ ಒಂದೇ ಸಲ ಪತ್ತೆಹಚ್ಚಬೇಕು. ಪ್ರತಿ ರೋಬಾಟ್ ತಾನಿರುವ ಜಾಗದಲ್ಲಿ ಸೋರಿಕೆ ಎಷ್ಟು ತೀವ್ರವೋ ಅಷ್ಟು ‘ಹೊಳೆಯುತ್ತದೆ’. ತನಗಿಂತ ಹೆಚ್ಚು ಹೊಳೆಯುವ ನೆರೆಯವನ ಕಡೆಗೆ ಸರಿಯುತ್ತದೆ. ಹಳೆಯ ಹೊಳಪು ಕ್ರಮೇಣ ಮಾಸುತ್ತದೆ. ಇಷ್ಟೇ ಆಗಿದ್ದರೆ ಎಲ್ಲವೂ ಅತ್ಯಂತ ಪ್ರಖರವಾದ ಒಂದೇ ಬೆಳಕಿನ ಕಡೆಗೆ ಓಡಿ ಅಲ್ಲೇ ಗುಡ್ಡೆಬೀಳುವ ಅಪಾಯವಿತ್ತು. ಅದನ್ನು ತಡೆಯಲು ಅವರು ಇನ್ನೊಂದು ಸಣ್ಣ ನಿಯಮ ಸೇರಿಸಿದರು: ನಿನ್ನ ಸುತ್ತ ನೆರೆಯವರು ಹೆಚ್ಚಾದಂತೆ ನಿನ್ನ ನೋಟದ ವ್ಯಾಪ್ತಿಯನ್ನು ಕುಗ್ಗಿಸಿಕೋ, ಕಡಿಮೆಯಾದಾಗ ಹಿಗ್ಗಿಸಿಕೋ. ಪರಿಣಾಮವಾಗಿ ಗುಂಪು ತಾನಾಗಿ ಹಲವು ಉಪಗುಂಪುಗಳಾಗಿ ಒಡೆದು, ದೊಡ್ಡ ಮೂಲದ ಜೊತೆಗೆ ಸಣ್ಣ ಮೂಲಗಳನ್ನೂ ಮುಟ್ಟುತ್ತದೆ. ಈ ಕೊನೆಯ ನಿಯಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದಕ್ಕೇ ಮರಳಿ ಬರುತ್ತೇನೆ.

ಅದೇ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ನಮ್ಮ ಮನೆಗಳ ಸೂರಿನಡಿ ಕಾಗದದ ಗೂಡು ಕಟ್ಟುವ ಕಣಜಗಳನ್ನು ಅಧ್ಯಯನ ಮಾಡಿದರು. ಆ ಗೂಡಿನ ರಾಣಿ ಹೆಸರಿಗೆ ರಾಣಿ, ಸ್ವಭಾವದಲ್ಲಿ ಸಾಧು. ಯಾರು ಆಹಾರ ತರಬೇಕು, ಎಷ್ಟು ತರಬೇಕು ಎಂಬುದನ್ನು ಅವಳು ಅಪ್ಪಣೆ ಕೊಡಿಸಿ ನಡೆಸುವುದಿಲ್ಲ. ಕೆಲಸಗಾರ ಕಣಜಗಳೇ ಪರಸ್ಪರ ಒತ್ತಡ ಹಾಕಿಕೊಂಡು ನಿರ್ವಹಿಸುತ್ತವೆ. ಅಲ್ಲಿಯೇ ವಿಶ್ವೇಶ ಗುತ್ತಲ್ ಅವರ ತಂಡ 2020ರಲ್ಲಿ ಪ್ರಕಟಿಸಿದ ಸಂಶೋಧನೆ, ಕೇರಳದವರು ಕರಿಮೀನ್ ಎಂದು ಕರೆಯುವ ಮೀನಿನ ಹಿಂಡುಗಳ ಕುರಿತದ್ದು. ಹಿಂಡಿನ ಪ್ರತಿ ಮೀನೂ ಸುತ್ತಲಿನ ಎಲ್ಲರ ದಿಕ್ಕಿನ ಸರಾಸರಿ ನೋಡಿ ತಿರುಗುತ್ತದೆ ಎಂಬುದು ಬಹುಕಾಲದ ಊಹೆಯಾಗಿತ್ತು. ಈ ಮೀನುಗಳ ವಿಷಯದಲ್ಲಿ ಕಂಡದ್ದು ಬೇರೆ: ಒಂದು ಮೀನು ಒಮ್ಮೆಗೆ ಯಾದೃಚ್ಛಿಕವಾಗಿ ಸಿಕ್ಕ ಒಂದೇ ಒಂದು ಮೀನನ್ನು ಅನುಕರಿಸುತ್ತದೆ. ಅಷ್ಟರಿಂದಲೇ ಹಿಂಡಿಗೆ ಒಂದು ದಿಕ್ಕು ಬರುತ್ತದೆ. ಗುಂಪು ಚಿಕ್ಕದಾದಷ್ಟೂ ಆ ಒಮ್ಮತ ಹೆಚ್ಚು ಬಿಗಿ. ದಿಕ್ಕು ಸರಿಯೋ ತಪ್ಪೋ ಎಂಬುದಕ್ಕೂ ಒಮ್ಮತಕ್ಕೂ ಸಂಬಂಧವೇ ಇಲ್ಲ.

ಇದೇ ಮೊದಲ ಪಾಠ. ಸ್ವಯಂ ಸಂಘಟನೆ ಎಂಬುದು ಸದ್ಗುಣವಲ್ಲ, ಒಂದು ಯಾಂತ್ರಿಕತೆ. ಅದರಿಂದ ಇರುವೆಗೂಡೂ ಕಟ್ಟಲ್ಪಡುತ್ತದೆ, ಕಾಲ್ತುಳಿತವೂ ಆಗುತ್ತದೆ. ಸಾಲಾಗಿ ನಿಂತ ಸಾವಿರ ಜನ ಸತ್ಯದ ಪರ ನಿಂತಿದ್ದಾರೆಂದು ಸಾಲಿನ ನೇರವನ್ನು ನೋಡಿ ಹೇಳಲಾಗದು. ಪ್ರತಿಯೊಬ್ಬರೂ ಯಾವ ನಿಯಮ ಪಾಲಿಸುತ್ತಿದ್ದಾರೆ, ಯಾರನ್ನು ನೋಡಿ ತಿರುಗುತ್ತಿದ್ದಾರೆ ಎಂಬುದನ್ನು ಕೇಳಬೇಕು.

ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಕೆರಗೋಡಿನ ಸುತ್ತಿನ ಗದ್ದೆಬಯಲನ್ನು ನೋಡಲು ಹೋದದ್ದು. ಧ್ವಜದ ಗದ್ದಲ ಅಡಗಿ ಬಹಳ ಕಾಲವಾಗಿತ್ತು. ಸಂಜೆಗತ್ತಲಲ್ಲಿ ಕಬ್ಬಿನ ಸಾಲುಗಳ ಮೇಲೆ ಒಂದೆರಡು ಮಿಂಚುಹುಳು ಮಿಣುಕುತ್ತಿದ್ದವು. ನಾಲೆಯ ಏರಿಯ ಮೇಲೆ ಸಿಕ್ಕ ವೃದ್ಧ ರೈತರೊಬ್ಬರನ್ನು ಧ್ವಜದ ಬಗ್ಗೆ ಕೇಳಿದೆ. ಅವರು ನಕ್ಕು ಮಾತು ತಿರುಗಿಸಿದರು: ‘ಬಾವುಟಕ್ಕೆ ಊರೆಲ್ಲ ಸೇರ್ತದೆ ಸಾಮಿ, ತೂಬಿಗೆ ಇಬ್ಬರು ಸೇರಾದೇ ಕಷ್ಟ ಆಗೈತೆ.’ ಅವರ ಗದ್ದೆ ಕಾಲುವೆಯ ಕೊನೆಯಲ್ಲಿತ್ತು. ನೀರಾವರಿ ಪ್ರದೇಶದಲ್ಲಿ ಈ ಒಂದು ಸಂಗತಿ ಗೊತ್ತಾದರೆ ಉಳಿದುದನ್ನು ಕೇಳಬೇಕಾಗಿಲ್ಲ.

ಮಂಡ್ಯ ಸೀಮೆಯ ಇತಿಹಾಸವನ್ನೇ ಮೇಲಿನ ಆದೇಶ ಮತ್ತು ನೆರೆಯ ಒಪ್ಪಂದಗಳ ನಡುವಣ ಜಗ್ಗಾಟವಾಗಿ ಓದಬಹುದು. 1911ರಲ್ಲಿ ಕಟ್ಟಡ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು ಎರಡು ದಶಕಗಳಲ್ಲಿ ಎದ್ದು ನಿಂತಿತು. ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಒಣಭೂಮಿಗೆ ನೀರು ತಂದಿತು. ಸರ್ ಎಂ. ವಿಶ್ವೇಶ್ವರಯ್ಯನವರ ‘ಬ್ಲಾಕ್ ಪದ್ಧತಿ’ಯ ಆಶಯ ಉದಾತ್ತವಾಗಿತ್ತು: ಜಮೀನನ್ನು ಭಾಗಗಳಾಗಿ ಹಂಚಿ, ಕಬ್ಬು, ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಮೂರು ವರ್ಷದ ಆವರ್ತದಲ್ಲಿ ಬದಲಿಸುತ್ತಾ ಹೋಗುವುದು, ಆ ಮೂಲಕ ಇರುವ ನೀರನ್ನು ಹೆಚ್ಚು ಹಳ್ಳಿಗಳಿಗೆ ಹರಡುವುದು. ಲೆಕ್ಕ ಸೊಗಸಾಗಿತ್ತು. ಆದರೆ 1930ರ ದಶಕದ ಮೊದಲಲ್ಲೇ ನಾಲೆಯ ರೈತರು ಸರ್ಕಾರ ಹೇರಿದ ಕರಭಾರದ ವಿರುದ್ಧ ಚಳವಳಿಗಿಳಿದರು. ಆವರ್ತದ ಶಿಸ್ತೂ ಕಾಗದದಲ್ಲಿ ಉಳಿದಷ್ಟು ಗದ್ದೆಯಲ್ಲಿ ಉಳಿಯಲಿಲ್ಲ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಮಿಂಚುಹುಳುಗಳ ಭಾಷೆಯಲ್ಲಿ ಹೇಳುವುದಾದರೆ, ಒಂದು ಭಾರಿ ಬೆಳಕು ಹೊತ್ತಿಕೊಂಡಿತು. ಪಕ್ಕದವನು ಕಬ್ಬು ಹಾಕಿ ಹೆಂಚಿನ ಮನೆ ಕಟ್ಟಿದ್ದನ್ನು ಕಂಡವನು ತಾನೂ ಕಬ್ಬು ಹಾಕಿದ. ಅದು ತಪ್ಪೆನ್ನಲಾಗದು, ಹೆಚ್ಚು ಹೊಳೆಯುವ ನೆರೆಯವನ ಕಡೆಗೆ ಸರಿಯುವುದು ಸಹಜ ನಿಯಮವೇ. ಆದರೆ ಎಲ್ಲರ ನೋಟವೂ ಒಂದೇ ಬೆಳಕಿನ ಮೇಲೆ ನೆಟ್ಟಾಗ, ಅತಿ ಹೆಚ್ಚು ನೀರು ಬೇಡುವ ಎರಡು ಬೆಳೆಗಳೇ ಬಯಲನ್ನು ತುಂಬಿದವು. ನಾಲೆಯ ತಲೆಯ ಕಡೆ ನೀರು ನಿಂತು ನೆಲ ಜೌಗಾಯಿತು. ಬಾಲದ ಕಡೆ ನೆಲ ಬಿರಿಯಿತು.

ನಾಲೆ ಬರುವ ಮುನ್ನವೂ ಈ ಸೀಮೆಯಲ್ಲಿ ವ್ಯವಸ್ಥೆ ಇರಲಿಲ್ಲವೆಂದಲ್ಲ. ಕೆರೆಯಚ್ಚುಕಟ್ಟಿನಲ್ಲಿ ನೀರುಗಂಟಿ ಇದ್ದ. ಅವನು ದೊರೆಯಲ್ಲ, ಎಂಜಿನಿಯರನೂ ಅಲ್ಲ. ಯಾವ ಗದ್ದೆ ಎಷ್ಟು ಕುಡಿದಿದೆ, ಯಾವುದು ಬಾಯಾರಿದೆ ಎಂಬುದನ್ನು ಬರಿಗಾಲಲ್ಲಿ ನಡೆದು ತಿಳಿದು ತೂಬು ತೆರೆಯುತ್ತಿದ್ದ, ಮುಚ್ಚುತ್ತಿದ್ದ. ನಾಟಿಗೂ ಕೊಯ್ಲಿಗೂ ಮುಯ್ಯಾಳು ಪದ್ಧತಿಯಿತ್ತು: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಲಿಖಿತ ಕರಾರಿಲ್ಲದ, ನೆರೆಯವನ ಮುಖ ನೋಡಿ ನಡೆಯುವ ನಿಯಮಗಳಿವು. ಆದರೆ ಆ ಹಳೆಯ ವ್ಯವಸ್ಥೆಯನ್ನು ಸುವರ್ಣಯುಗವೆಂದು ಬಣ್ಣಿಸುವ ಆಸೆ ನನಗಿಲ್ಲ. ನೀರುಗಂಟಿಯ ಕೆಲಸ ಬಹುತೇಕ ಕಡೆ ದಲಿತ ಕುಟುಂಬಗಳ ಹೆಗಲಿಗೆ ಬಿದ್ದಿತ್ತು. ನೀರನ್ನು ಹಂಚುತ್ತಿದ್ದವನಿಗೆ ನೀರುಣ್ಣುವ ಜಮೀನು ಇರುತ್ತಿದ್ದುದು ಅಪರೂಪ. ನೆರೆಹೊರೆಯ ನಿಯಮ ಸರಳವಾಗಿತ್ತು ನಿಜ. ಯಾರು ನೆರೆಯವರೆಂದು ಎಣಿಕೆಯಾಗುತ್ತಿದ್ದರು ಎಂಬುದು ಮಾತ್ರ ಸರಳವಾಗಿರಲಿಲ್ಲ.

ಹಾಗಾದರೆ ನೀರಿನ ವಿಷಯದಲ್ಲಿ ಸ್ವಯಂ ಸಂಘಟನೆ ಕೇವಲ ಕನಸೇ? ಇಂಡೊನೇಷ್ಯದ ಬಾಲಿ ದ್ವೀಪ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿನ ಭತ್ತದ ರೈತರು ‘ಸುಬಕ್’ ಎಂಬ ನೀರಿನ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ದೇವಾಲಯಗಳ ಜಾಲದ ಮೂಲಕ ಯಾವ ಕಣಿವೆ ಯಾವಾಗ ನಾಟಿ ಮಾಡಬೇಕೆಂಬುದು ಹೊಂದಿಕೆಯಾಗುತ್ತದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹುರುಪಿನಲ್ಲಿ ‘ಎಲ್ಲರೂ ಸಾಧ್ಯವಾದಷ್ಟು ಸಲ ಬೆಳೆಯಿರಿ’ ಎಂಬ ಆಜ್ಞೆ ಬಂತು. ನೀರಿನ ಸರದಿ ಕೆಟ್ಟಿತು, ಕೀಟಗಳು ಗದ್ದೆಯಿಂದ ಗದ್ದೆಗೆ ಹಬ್ಬಿ ಬೆಳೆಯನ್ನು ತಿಂದವು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೀಮರ್ 1993ರಲ್ಲಿ 172 ಸುಬಕ್‌ಗಳನ್ನು ಗಣಕಯಂತ್ರದೊಳಗೆ ಇಳಿಸಿದರು. ಪ್ರತಿ ಸುಬಕ್‌ಗೂ ಕೊಟ್ಟದ್ದು ಒಂದೇ ನಿಯಮ: ಸುಗ್ಗಿಯ ನಂತರ ನೆರೆಯ ಸುಬಕ್‌ಗಳನ್ನು ನೋಡು, ಹೆಚ್ಚು ಬೆಳೆದವನ ವೇಳಾಪಟ್ಟಿಯನ್ನು ನಕಲು ಮಾಡು. ಕೆಲವೇ ಆವರ್ತಗಳಲ್ಲಿ ಇಡೀ ಜಾಲ ದೇವಾಲಯಗಳ ವ್ಯವಸ್ಥೆಯನ್ನು ಹೋಲುವ ಹೊಂದಾಣಿಕೆಗೆ ಬಂದು ನಿಂತಿತು. ಅರ್ಚಕನೂ ಬೇಕಾಗಲಿಲ್ಲ, ಅಧಿಕಾರಿಯೂ ಬೇಕಾಗಲಿಲ್ಲ.

ಆದರೆ ಬಾಲಿಯ ಗುಟ್ಟು ಬರೀ ಅನುಕರಣೆಯಲ್ಲಿಲ್ಲ. ಅಲ್ಲಿ ಮೇಲಿನ ಗದ್ದೆಯವನಿಗೆ ಕೆಳಗಿನವನು ಬೇಕು. ಕೆಳಗಿನವನಿಗೆ ನೀರು ಸಿಗದೆ ಅವನು ಬೇರೆ ಕಾಲಕ್ಕೆ ಬೆಳೆ ಇಟ್ಟರೆ, ಅವನ ಗದ್ದೆಯಲ್ಲಿ ಉಳಿದ ಕೀಟ ಮೇಲಿನವನ ಪೈರಿಗೂ ಏರುತ್ತದೆ. ಎಲ್ಲರೂ ಒಟ್ಟಿಗೆ ಗದ್ದೆಯನ್ನು ಬೀಳು ಬಿಟ್ಟರೆ ಮಾತ್ರ ಕೀಟಕ್ಕೆ ನೆಲೆ ತಪ್ಪುತ್ತದೆ. ಹಾಗಾಗಿ ನೀರು ಬಿಟ್ಟುಕೊಡುವುದು ದಾನವಲ್ಲ, ಸ್ವಹಿತ. ನಮ್ಮ ನಾಲೆಯಲ್ಲಿ ತಲೆಯವನಿಗೆ ಬಾಲದವನಿಂದ ಆಗಬೇಕಾದದ್ದು ಏನೂ ಇಲ್ಲವೆಂಬ ಭಾವನೆ ಇದೆ. ಅವನ ಬಿರಿದ ಗದ್ದೆ ಇವನಿಗೆ ಕಾಣುವುದೂ ಇಲ್ಲ. ಕಾಣದ ನೆರೆಯವನ ಬಗ್ಗೆ ಕಿಲೋಬಾಟ್ ಕೂಡ ಏನನ್ನೂ ಮಾಡಲಾರದು.

ಕರ್ನಾಟಕದಲ್ಲಿ 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯ ಅಧಿಕಾರ ಕೊಡುವ ದಾರಿ ತೆರೆಯಲಾಯಿತು. ಉದ್ದೇಶ ಸರಿಯಾದದ್ದೇ. ಆದರೆ ಅಧಿಕಾರವನ್ನು ಕೆಳಗೆ ದಾಟಿಸಿದ ಮಾತ್ರಕ್ಕೆ ಸಂಘಟನೆ ತಾನಾಗಿ ಹುಟ್ಟುವುದಿಲ್ಲ. ಸರ್ಕಾರ ಕೈತೊಳೆದುಕೊಳ್ಳುವುದಕ್ಕೂ ಸ್ವಯಂ ಸಂಘಟನೆಗೂ ಅಜಗಜಾಂತರವಿದೆ. ರೋಬಾಟ್ ಹಿಂಡಿನ ಹಿಂದೆ ನಿಯಮ ಬರೆದ ಎಂಜಿನಿಯರ್ ಇದ್ದೇ ಇರುತ್ತಾನೆ. ಅವನು ಪ್ರತಿ ಹೆಜ್ಜೆಯನ್ನೂ ನಿರ್ದೇಶಿಸುವುದಿಲ್ಲ, ಆದರೆ ಯಾರಿಗೆ ಯಾರು ಕಾಣಬೇಕು ಎಂಬುದನ್ನು ಬಹಳ ಯೋಚಿಸಿ ತೀರ್ಮಾನಿಸುತ್ತಾನೆ. ಸಾಮೂಹಿಕ ಸಂಪನ್ಮೂಲಗಳ ಕುರಿತ ಅಧ್ಯಯನಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಜಗತ್ತಿನ ಹಲವು ನೀರಾವರಿ ಸಮುದಾಯಗಳನ್ನು ನೋಡಿ ಕಂಡುಕೊಂಡದ್ದೂ ಇದೇ ಬಗೆಯದು: ಗಡಿ ಸ್ಪಷ್ಟವಿರಬೇಕು, ನಿಯಮವನ್ನು ಪಾಲಿಸುವವರೇ ರೂಪಿಸುವಂತಿರಬೇಕು, ಉಲ್ಲಂಘನೆ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು.

ನನ್ನ ಸಲಹೆ ಎರಡೇ, ಎರಡೂ ಸರಳ. ಮೊದಲನೆಯದು, ಪ್ರತಿ ಉಪನಾಲೆಯ ತೂಬಿನಲ್ಲಿ ನೀರಿನ ಮಟ್ಟವನ್ನು ಅಳೆಯುವ ಅಗ್ಗದ ಸಾಧನವಿಟ್ಟು, ಆ ಅಂಕಿ ಬೆಂಗಳೂರಿನ ಕಚೇರಿಯ ಪರದೆಗಿಂತ ಮೊದಲು ಅದೇ ಉಪನಾಲೆಯ ರೈತರ ಫೋನಿಗೆ ತಲುಪಲಿ. ಬಾಲದ ಗದ್ದೆಯ ಮಟ್ಟ ತಲೆಯ ಗದ್ದೆಯವನಿಗೆ ಪ್ರತಿದಿನ ಕಾಣಲಿ. ಎರಡನೆಯದು, ಸರದಿ ಕೊನೆಯ ಗದ್ದೆಯಿಂದ ಆರಂಭವಾಗಲಿ. ಬಾಲದವನ ಪಾಳಿ ಮುಗಿದ ಮೇಲಷ್ಟೇ ಅದರ ಮೇಲಿನವನ ಪಾಳಿ ಎಂಬ ಒಂದೇ ನಿಯಮವಿದ್ದರೆ, ಬಾಲದವನಿಗೆ ನೀರು ಬೇಗ ತಲುಪಲಿ, ದಾರಿಯಲ್ಲಿ ಸೋರದಿರಲಿ, ಕದಿಯದಿರಲಿ ಎಂಬ ಕಾಳಜಿ ತಲೆಯವನಿಗೇ ಹುಟ್ಟುತ್ತದೆ. ಬಾಲಿಯಲ್ಲಿ ಕೀಟ ಮಾಡಿದ ಕೆಲಸವನ್ನು ಇಲ್ಲಿ ಸರದಿ ಮಾಡಬಲ್ಲದು. ಕಾವೇರಿ ಕೊಳ್ಳದಲ್ಲಿ ಮಳೆ ಕೈಕೊಟ್ಟು ಮಂಡ್ಯ ಬೀದಿಗಿಳಿದ 2023ರಂಥ ವರ್ಷ ಮತ್ತೆ ಬರುತ್ತದೆ. ಆಗ ತಮಿಳುನಾಡಿನೊಡನೆ ನಮ್ಮ ಪಾಲಿಗಾಗಿ ವಾದಿಸುವ ನೈತಿಕ ಬಲ, ನಮ್ಮದೇ ನಾಲೆಯ ಕೊನೆಯವನಿಗೆ ನಾವು ಏನು ಕೊಟ್ಟೆವು ಎಂಬುದರ ಮೇಲೂ ನಿಂತಿರುತ್ತದೆ. ಬಾಲದವನ ಅಳಲು ಎರಡು ರಾಜ್ಯಗಳ ನಡುವಿನ ಮಾತು ಮಾತ್ರವಲ್ಲ.

ಇನ್ನು ಮಿಂಚುಹುಳುಗಳ ಆ ಕೊನೆಯ ನಿಯಮ. ಸುತ್ತ ಜನ ಹೆಚ್ಚಾದಾಗ ನೋಟದ ವ್ಯಾಪ್ತಿ ಕುಗ್ಗಬೇಕು. ಆಗ ಮಾತ್ರ ಸಣ್ಣ ಬೆಳಕುಗಳೂ ಕಾಣುತ್ತವೆ. ನಮ್ಮ ಕೈಯಲ್ಲಿರುವ ಫೋನು ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ಜನ ಹೆಚ್ಚಿದಷ್ಟೂ ನೋಟ ಹಿಗ್ಗುತ್ತದೆ, ಅತ್ಯಂತ ಪ್ರಖರವಾದದ್ದೇ ಎಲ್ಲರ ಕಣ್ಣೆದುರು ಬಂದು ನಿಲ್ಲುತ್ತದೆ. ಊರೊಂದರ ಸ್ತಂಭದ ಮೇಲಿನ ವ್ಯಾಜ್ಯ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಬಗೆಹರಿಯುವ ಮೊದಲೇ ಇಡೀ ದೇಶದ ಬೆಳಕಾಗುತ್ತದೆ. ದೂರದವರು ಬಂದು ಸೇರುತ್ತಾರೆ, ಹತ್ತಿರದವರು ಒಬ್ಬರನ್ನೊಬ್ಬರು ನೋಡುವುದನ್ನು ಬಿಟ್ಟು ದೂರವನ್ನು ನೋಡುತ್ತಾರೆ. ಕಾಲುವೆಯ ಕೊನೆಯ ಗದ್ದೆ ಸಣ್ಣ ಬೆಳಕು. ಅದು ಯಾರ ಪರದೆಯ ಮೇಲೂ ಹೊಳೆಯುವುದಿಲ್ಲ.

ರೋಬಾಟ್ ಹಿಂಡುಗಳ ಭವಿಷ್ಯದ ಬಗ್ಗೆಯೂ ಇದೇ ಎಚ್ಚರ ಬೇಕು. 2021ರ ಜನವರಿ 15ರ ಸೇನಾ ದಿನದಂದು ನಮ್ಮ ಭೂಸೇನೆ 75 ಡ್ರೋನ್‌ಗಳ ಹಿಂಡು ದಾಳಿಯನ್ನು ಪ್ರದರ್ಶಿಸಿತು. ಇಂಥ ಹಿಂಡುಗಳು ನಾಳೆ ಯುದ್ಧಭೂಮಿಯಲ್ಲಷ್ಟೇ ಅಲ್ಲ, ಬೀದಿಯ ಜನಸಂದಣಿಯ ಮೇಲೂ ಹಾರಬಹುದು. ಹಿಂಡು ತಪ್ಪು ಮಾಡಿದರೆ ಹೊಣೆ ಯಾರದು? ‘ಯಾವ ಒಂದು ಯಂತ್ರವೂ ಆ ತೀರ್ಮಾನ ಮಾಡಲಿಲ್ಲ’ ಎಂಬ ಉತ್ತರವನ್ನು ನಾಗರಿಕ ಸಮಾಜ ಒಪ್ಪಬಾರದು. ಗುಂಪಿನಲ್ಲಿ ಸೇರಿ ಕಲ್ಲೆಸೆದವನೂ ಇದೇ ಉತ್ತರ ಕೊಡುತ್ತಾನೆ. ನಿಯಮ ಬರೆದವರು, ಅದನ್ನು ಚಾಲೂ ಮಾಡಿದವರು ಉತ್ತರದಾಯಿಗಳಾಗಲೇಬೇಕು.

ಯಂತ್ರಕ್ಕೂ ನಮಗೂ ಇರುವ ಅಂತರ ಇಷ್ಟೇ. ಕಿಲೋಬಾಟ್ ತನ್ನೊಳಗಿನ ನಿಯಮವನ್ನು ಓದಲಾರದು, ತಿದ್ದಲಾರದು. ನಾವು ಓದಬಲ್ಲೆವು. ಯಾರನ್ನು ನೋಡಿ ನಾನು ತಿರುಗುತ್ತಿದ್ದೇನೆ ಎಂದು ನಡುದಾರಿಯಲ್ಲಿ ನಿಂತು ಕೇಳಿಕೊಳ್ಳಬಲ್ಲೆವು. ಆ ಸಂಜೆ ನಾನು ಹೊರಡುವ ಹೊತ್ತಿಗೆ ಆ ವೃದ್ಧರು ಗುದ್ದಲಿ ಹೆಗಲಿಗೇರಿಸಿ, ಟಾರ್ಚ್ ಹಿಡಿದು ನಾಲೆಯ ಮೇಲಕ್ಕೆ ನಡೆಯುತ್ತಿದ್ದರು. ಮೇಲಿನ ಗದ್ದೆಯವನು ತೂಬು ಮುಚ್ಚಿದ್ದಾನೋ ಇಲ್ಲವೋ ನೋಡಿಬರಬೇಕೆಂದರು. ಒಬ್ಬಂಟಿಯಾಗಿ, ಎರಡು ಮೈಲಿ. ಅವರ ಜೊತೆ ಮೇಲಿನ ಗದ್ದೆಯವನೂ ಒಂದು ದಿನ ಕೆಳಗಿಳಿದು ಬಂದು ಆ ಬಿರಿದ ನೆಲವನ್ನು ನೋಡಿದರೆ, ಕೆರಗೋಡಿನ ಹೆಸರು ಮತ್ತೊಮ್ಮೆ ಸುದ್ದಿಯಲ್ಲಿ ಬರಲಿಕ್ಕಿಲ್ಲ. ಆದರೆ ಗದ್ದೆಗೆ ನೀರು ಬರಬಹುದು.